ಆನೆಯ ಪಾದಕ್ಕೆ ಕತ್ತರಿ ಹಾಕುವ ಮುನ್ನ

ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಂತೆಲ್ಲ ದಡದಲ್ಲಿ ಎಳೆಹುಲ್ಲು ಚಿಗುರುತ್ತದೆ. ಅತ್ತ ಬಂಡೀಪುರ, ಇತ್ತ ನಾಗರಹೊಳೆ, ಎರಡೂ ಕಡೆಯಿಂದ ಆನೆಗಳು ಇಳಿದು ಬರುತ್ತವೆ. ಅವುಗಳ ಬೆನ್ನಿಗೇ ಕ್ಯಾಮೆರಾದವರು. ಅವರು ತೆಗೆದು ತಂದ ಫೋಟೋಗಳನ್ನು ನೋಡುವಾಗೆಲ್ಲ ನನಗೊಂದು ಸೋಜಿಗ: ಕಾಡಿನಲ್ಲಿ ಎದೆ ನಡುಗಿಸಿದ ಸಲಗ ಇಲ್ಲಿ ಕೊಟ್ಟಿಗೆಯ ಎಮ್ಮೆಯಷ್ಟು ಸಾಧುವಾಗಿ ನಿಂತಿರುತ್ತದೆ. ಚೌಕಟ್ಟಿನ ತುಂಬ ಆನೆಯೇ ಇದೆ. ಆದರೂ ಅದು ದೊಡ್ಡದೆನಿಸುವುದಿಲ್ಲ.

ಗಾತ್ರ ಎಂಬುದು ಹೋಲಿಕೆಯಿಂದ ಹುಟ್ಟುವಂಥದ್ದು. ಕಾಲಬುಡದಲ್ಲಿ ಒಂದು ಬೆಳ್ಳಕ್ಕಿ, ಬೆನ್ನ ಹಿಂದೆ ಒಂದು ಮತ್ತಿಮರ ಇದ್ದರೆ ಕಣ್ಣು ತಾನೇ ಅಳೆದುಕೊಳ್ಳುತ್ತದೆ. ಸುತ್ತಲಿನದನ್ನೆಲ್ಲ ಕ್ರಾಪ್ ಮಾಡಿ ಎಸೆದರೆ ಅಳತೆಗೋಲನ್ನೇ ಎಸೆದಂತೆ.

ಹಕ್ಕಿಗಳ ಫೋಟೋ ತೆಗೆದು ಕೈ ಪಳಗಿದವರು ಎಡವುವುದು ಇಲ್ಲೇ. ಲೆನ್ಸಿನ ಫೋಕಲ್ ಲೆಂತನ್ನು ಪ್ರಾಣಿಯ ಎತ್ತರದಿಂದ ಗುಣಿಸಿ ದೂರದಿಂದ ಭಾಗಿಸಿ. ಸೆನ್ಸರ್ ಮೇಲೆ ಬೀಳುವ ಬಿಂಬದ ಎತ್ತರ ಹೆಚ್ಚುಕಡಿಮೆ ಅಷ್ಟೇ. 400 ಮಿಲಿಮೀಟರ್ ಲೆನ್ಸು, 3 ಮೀಟರ್ ಎತ್ತರದ ಸಲಗ, 60 ಮೀಟರ್ ದೂರ: ಬಿಂಬ 20 ಮಿಲಿಮೀಟರ್. ಫುಲ್ ಫ್ರೇಮ್ ಸೆನ್ಸರ್‌ನ ಎತ್ತರವೇ 24. ಅದೇ ಸಲಗ 30 ಮೀಟರಿಗೆ ಬಂತೆಂದರೆ ಬಿಂಬ 40 ಮಿಲಿಮೀಟರ್, ಅಂದರೆ ಚೌಕಟ್ಟಿಗೆ ಹಿಡಿಸುವುದಿಲ್ಲ. ಆಗ ಜೀಪಿನಲ್ಲಿ ಗಡಿಬಿಡಿಯೋ ಗಡಿಬಿಡಿ.

ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂಬುದೂ ಮುಖ್ಯ. ಸಮತಟ್ಟಾದ ನೆಲದಲ್ಲಿ ದಿಗಂತದ ಗೆರೆ ಎಲ್ಲ ವಸ್ತುಗಳನ್ನೂ ಕ್ಯಾಮೆರಾದ ಎತ್ತರದಲ್ಲೇ ಹಾದುಹೋಗುತ್ತದೆ. ಜೀಪಿನ ಮೇಲಿಂದ, ಎರಡು ಮೀಟರ್ ಎತ್ತರದಿಂದ ತೆಗೆದರೆ ಗೆರೆ ಆನೆಯ ಮೈಯ ಮೇಲ್ಭಾಗದಲ್ಲಿರುತ್ತದೆ, ಆನೆ ನೆಲಕ್ಕೆ ಅಂಟಿದಂತೆ ಕಾಣುತ್ತದೆ. ದೋಣಿಯಲ್ಲಿ ಕುಳಿತು ನೀರಿನಿಂದ ಒಂದು ಮೀಟರ್ ಎತ್ತರದಲ್ಲಿ ಕ್ಯಾಮೆರಾ ಹಿಡಿದರೆ ಗೆರೆ ಕಾಲಿನ ಮಟ್ಟಕ್ಕೆ ಇಳಿದು, ಉಳಿದ ಮೈಯೆಲ್ಲ ಮೇಲಕ್ಕೆ ಎದ್ದು ನಿಲ್ಲುತ್ತದೆ. ಕಬಿನಿಯ ದೋಣಿ ಸಫಾರಿಗೆ ನನ್ನ ಮತ ಇರುವುದು ಇದಕ್ಕೇ.

ದೂರದಿಂದ ತೆಗೆದು ಆಮೇಲೆ ಕ್ರಾಪ್ ಮಾಡಿದರಾಯಿತು ಎನ್ನುವವರಿದ್ದಾರೆ. ಅಗಲ, ಎತ್ತರ ಎರಡನ್ನೂ ಅರ್ಧಕ್ಕೆ ಇಳಿಸಿದರೆ ಉಳಿಯುವುದು ಕಾಲುಭಾಗ. 24 ಮೆಗಾಪಿಕ್ಸೆಲ್ ಇದ್ದದ್ದು 6 ಆಗುತ್ತದೆ. ಫೋನಿನಲ್ಲಿ ನೋಡಲು ಅಡ್ಡಿಯಿಲ್ಲ, ಗೋಡೆಗೆ ಹಾಕುವ ದೊಡ್ಡ ಪ್ರಿಂಟಿಗೆ ಸಾಲದು. ಮಧ್ಯಾಹ್ನ ಕಾದ ನೆಲದ ಮೇಲೆ ಗಾಳಿ ನಡುಗಿ ಕದಡಿದ ಚಿತ್ರವಾದರಂತೂ ಆ ಕದಡೂ ಜೊತೆಯಲ್ಲೇ ಹಿಗ್ಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. 60 ಮೀಟರ್ ದೂರದಲ್ಲೊಂದು ಆನೆ, 120ರಲ್ಲಿ ಅಷ್ಟೇ ಎತ್ತರದ ಇನ್ನೊಂದು ಇದ್ದರೆ ಹಿಂದಿನದು ಅರ್ಧ ಕಾಣುತ್ತದೆ. ಮೊದಲನೆಯದು 20 ಮೀಟರಿನಲ್ಲಿ, ಇನ್ನೊಂದು 80ರಲ್ಲಿ ಇದ್ದರೆ ಹಿಂದಿನದು ಕಾಲುಭಾಗ. ಈ ಅನುಪಾತವನ್ನು ನಿರ್ಧರಿಸುವುದು ದೂರ ಮಾತ್ರ. ಎಷ್ಟು ಕ್ರಾಪ್ ಮಾಡಿದರೂ ನೀವು ಆನೆಯ ಹತ್ತಿರ ಹೋದಂತಾಗುವುದಿಲ್ಲ. (ನಿಜವಾಗಿ ಹತ್ತಿರ ಹೋಗುವುದೂ ಬೇಡ.)

ಕತ್ತರಿಸಲೇಬೇಕಾದರೆ ಎಲ್ಲಿ? ಪಾದದ ಮೇಲಂತೂ ಬೇಡ. ಪಾದವಿಲ್ಲದ ಆನೆಗೆ ಭಾರವೇ ಇಲ್ಲದಂತೆ ಕಾಣುತ್ತದೆ. ಮುಂಗಾಲಿನ ಪಾದದ ಸುತ್ತಳತೆಯ ಎರಡರಷ್ಟು ಅದರ ಭುಜದ ಎತ್ತರ ಎಂಬುದು ಆನೆ ಬಲ್ಲವರ ಹಳೆಯ ಲೆಕ್ಕ; ಆ ಗುಂಡು ಪಾದವನ್ನೇ ಕಳೆದರೆ ಏನು ಉಳಿಯಿತು? ಸೊಂಡಿಲ ತುದಿಯೂ ಹಾಗೆಯೇ, ಕೈಬೆರಳು ಕತ್ತರಿಸಿದಂತೆ. ಕಿವಿಯ ಅಂಚು ಸಂಶೋಧಕರಿಗೆ ಬೇಕು: ಹರಕು, ತೂತು, ಮಡಿಕೆ, ದಂತದ ಬಾಗು ನೋಡಿಯೇ ಅವರು ಒಂದೊಂದು ಆನೆಯನ್ನೂ ಗುರುತಿಸುತ್ತಾರೆ. ಹಾಗಾಗಿ ಕ್ರಾಪ್ ಮಾಡಿದ ಮೇಲೂ ಮೂಲ ಫೈಲನ್ನು ಅಳಿಸಬೇಡಿ.

ಅಂದಹಾಗೆ, ಅಂತರರಾಷ್ಟ್ರೀಯ ನೇಚರ್ ಫೋಟೋ ಸ್ಪರ್ಧೆಗಳಲ್ಲಿ ಕ್ರಾಪ್‌ಗೆ ಅನುಮತಿಯಿದೆ, ಆದರೆ ಅಡ್ಡ ಬಂದ ಒಂದು ಕಡ್ಡಿಯನ್ನು ಅಳಿಸುವಂತಿಲ್ಲ. ಅಂಚು ಒಳಗೆ ಸರಿದರೆ ತಪ್ಪಲ್ಲ, ಒಳಗೆ ಇದ್ದದ್ದು ಇಲ್ಲವಾದರೆ ತಪ್ಪು.

ಒಮ್ಮೆ ಸಂಜೆ ಒಂಟಿ ಸಲಗವೊಂದು ದಾರಿಪಕ್ಕದ ಬಿದಿರುಮೆಳೆಯಿಂದ ದಿಢೀರನೆ ಹೊರಬಂತು. ಕೈಯಲ್ಲಿದ್ದದ್ದು 400ರ ಲೆನ್ಸು, ಬದಲಿಸಲು ಹೊತ್ತಿಲ್ಲ. ಸಿಕ್ಕಿದ್ದು ಒಂದು ಕಣ್ಣು, ಉದ್ದ ರೆಪ್ಪೆಗೂದಲು, ಒಣಗಿ ಬಿರಿದ ಕೆಸರು. ಅಂಚಿನಿಂದ ಅಂಚಿನವರೆಗೆ ಬರೀ ಚರ್ಮ. ನೋಡಿದವರೆಲ್ಲ ಒಂದು ಕ್ಷಣ ಹಿಂದೆ ಸರಿಯುತ್ತಾರೆ. ಅದು ಯಾವ ಸಲಗ ಎಂದು ಆನೆ ತಜ್ಞರೊಬ್ಬರು ಕೇಳಿದರು. ಕಿವಿಯೂ ದಂತವೂ ಚೌಕಟ್ಟಿನ ಆಚೆಯೇ ಉಳಿದಿದ್ದವು.