ಹಬ್ಬಕ್ಕೆ ಮನೆ ಹಾಲಿನ ಪೇಡ



ದೀಪಾವಳಿ ಹತ್ತಿರ ಬಂತೆಂದರೆ ಪೇಟೆಯಲ್ಲಿ ಖೋವಾ ಸಿಹಿಗಳಿಗೆ ಬೇಡಿಕೆ ಏರುತ್ತದೆ. ಖೋವಾಕ್ಕೆ ಪಿಷ್ಟ ಬೆರೆಸಿ ಮಾರುವವರೂ ಇರುತ್ತಾರೆ. ದಿನಾ ಎರಡು ಹೊತ್ತು ಹಾಲು ಕರೆದು ಸಂಘಕ್ಕೆ ಹಾಕುವ ನೀವು ಹಬ್ಬದ ಸಿಹಿಗೆ ಪೇಟೆಯ ಕಡೆ ನೋಡಬೇಕಾಗಿಲ್ಲ. ಇದಕ್ಕೆ ಓವನ್ ಬೇಡ, ಪಾಕ ಹಿಡಿಯುವ ಗೋಜೂ ಇಲ್ಲ. ದಪ್ಪ ತಳದ ಬಾಣಲೆ, ಹದವಾದ ಉರಿ, ಒಂದು ಗಂಟೆಯ ತಾಳ್ಮೆ ಇದ್ದರೆ ಸಾಕು.

ಯಾವ ಹಾಲು ಬಳಸಬೇಕು?

ಮುಖ್ಯ ವಿಷಯ ಇದು. ‘ಸಂಘಕ್ಕೆ ಹಾಕುವಂತಿಲ್ಲ, ಸಿಹಿಯನ್ನಾದರೂ ಮಾಡೋಣ’ ಎಂದುಕೊಳ್ಳಬೇಡಿ. ಕೆಚ್ಚಲು ಬಾವು ಬಂದ ಹಸುವಿನ ಹಾಲು, ಆ್ಯಂಟಿಬಯಾಟಿಕ್ ಚುಚ್ಚುಮದ್ದು ಕೊಟ್ಟ ಹಸುವಿನ ಹಾಲು ಸಿಹಿಗೂ ಬೇಡ. ಔಷಧದ ಅಂಶ ಕುದಿಸಿದರೆ ಪೂರ್ತಿ ಹೋಗುವುದಿಲ್ಲ. ಅದನ್ನು ತಿನ್ನುವವರು ನಿಮ್ಮ ಮಕ್ಕಳೇ. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ದೂರವಿಡಿ. ಹುಳಿ ತಿರುಗಿದ ಹಾಲು ಒಲೆಯ ಮೇಲೆ ಒಡೆಯುತ್ತದೆ. ಗಿಣ್ಣದ ಹಾಲು ಕಾಯಿಸಿದರೆ ಗಟ್ಟಿಯಾಗುತ್ತದೆ, ಖೋವಾ ಆಗದು. ಅದು ಮೊದಲು ಕರುವಿನ ಪಾಲು. ಆಗತಾನೆ ಕರೆದು ಸೋಸಿದ ಹಾಲೇ ಪೇಡಕ್ಕೆ ಸರಿ.

ಬೇಕಾಗುವ ಸಾಮಗ್ರಿ

ಹಸುವಿನ ಹಾಲು 2 ಲೀಟರ್, ಪುಡಿ ಮಾಡಿದ ಸಕ್ಕರೆ 100 ಗ್ರಾಂ, ತುಪ್ಪ 1 ಚಮಚ, ಏಲಕ್ಕಿ ಪುಡಿ ಸ್ವಲ್ಪ.

ಮಾಡುವ ವಿಧಾನ

1. ಅಗಲ ಬಾಯಿಯ ಬಾಣಲೆಯಲ್ಲಿ ಹಾಲು ಕುದಿಸಿ. ಬಾಯಿ ಅಗಲವಿದ್ದಷ್ಟೂ ಹಾಲು ಬೇಗ ಬತ್ತುತ್ತದೆ.

2. ಕುದಿ ಬಂದ ಮೇಲೆ ಉರಿ ಮಧ್ಯಮಕ್ಕಿಳಿಸಿ, ತಳ ಮುಟ್ಟುವಂತೆ ಕೈಯಾಡಿಸುತ್ತಿರಿ. ಅಂಚಿನ ಕೆನೆಯನ್ನು ಕೆರೆದು ಹಾಲಿಗೇ ಸೇರಿಸಿ.

3. ಹಾಲು ಗಟ್ಟಿಯಾದಾಗ ಉರಿ ಪೂರ್ತಿ ಸಣ್ಣಗಿರಲಿ. ಈ ಹಂತದಲ್ಲಿ ಕೈ ಬಿಟ್ಟರೆ ತಳ ಹಿಡಿಯುತ್ತದೆ.

4. ತುಪ್ಪ ಹಾಕಿ, ಖೋವಾ ಮುದ್ದೆಯಾಗಿ ಬಾಣಲೆ ಬಿಡುವವರೆಗೆ ಮಗುಚಿ. ಧಾರವಾಡ ಪೇಡದಂತೆ ಕಂದು ಬಣ್ಣ ಬೇಕೆಂದರೆ ಇನ್ನಷ್ಟು ಹುರಿಯಿರಿ.

5. ಕೆಳಗಿಳಿಸಿ, ಉಗುರು ಬೆಚ್ಚಗಾದಾಗ ಸಕ್ಕರೆ, ಏಲಕ್ಕಿ ಸೇರಿಸಿ ನಾದಿ. ಬಿಸಿಯಲ್ಲೇ ಹಾಕಿದರೆ ಸಕ್ಕರೆ ಕರಗಿ ಮುದ್ದೆ ಸಡಿಲವಾಗುತ್ತದೆ.

6. ಒಣಗಿದ ಶುಚಿ ಕೈಯಿಂದ ಉಂಡೆ ಕಟ್ಟಿ ಒತ್ತಿ.

ಹೊರಗಿಟ್ಟರೆ ಎರಡು ದಿನದೊಳಗೆ, ಫ್ರಿಜ್‌ನಲ್ಲಿಟ್ಟರೆ ವಾರದೊಳಗೆ ತಿಂದು ಮುಗಿಸಿ.

ಲೆಕ್ಕವೂ ಇರಲಿ

1 ಲೀಟರ್ ಹಸುವಿನ ಹಾಲಿಗೆ ಸುಮಾರು 180 ಗ್ರಾಂ ಖೋವಾ ಸಿಗುತ್ತದೆ. ಎಮ್ಮೆ ಹಾಲಿನಲ್ಲಿ ಘನಾಂಶ ಹೆಚ್ಚು, ಹಾಗಾಗಿ 200 ಗ್ರಾಂ ದಾಟುತ್ತದೆ. ಮೇಲಿನ ಅಳತೆಗೆ ಸುಮಾರು 450 ಗ್ರಾಂ ಪೇಡ ಆಗುತ್ತದೆ. ನಿಮ್ಮ ಪಾಸ್‌ಬುಕ್ಕಿನಲ್ಲಿರುವ ಹಾಲಿನ ದರ, ಸಕ್ಕರೆ, ಗ್ಯಾಸು, ಜೊತೆಗೆ ನಿಮ್ಮ ಒಂದು ಗಂಟೆಯ ದುಡಿಮೆಗೂ ಬೆಲೆ ಕಟ್ಟಿ ಕೂಡಿಸಿ. ಅಂಗಡಿಯ ಬೆಲೆಯೊಂದಿಗೆ ಹೋಲಿಸಿ ನೋಡಿ. ಮಾರುವ ಯೋಚನೆಯಿದ್ದರೆ ಆಹಾರ ಸುರಕ್ಷತಾ ನೋಂದಣಿ ಮಾಡಿಸಲೇಬೇಕು.

ಖೋವಾವನ್ನು ಹೊರಗಿನಿಂದ ತಂದರೆ ಸ್ವಲ್ಪ ಭಾಗವನ್ನು ನೀರಿನಲ್ಲಿ ಕುದಿಸಿ, ಆರಿಸಿ, ಎರಡು ಹನಿ ಅಯೋಡಿನ್ ಟಿಂಚರ್ ಬಿಡಿ. ನೀಲಿ ಬಣ್ಣಕ್ಕೆ ತಿರುಗಿದರೆ ಪಿಷ್ಟ ಬೆರೆತಿದೆ ಎಂದರ್ಥ. ಪರೀಕ್ಷೆಗೆ ಬಳಸಿದ್ದನ್ನು ಚೆಲ್ಲಿಬಿಡಿ.

ನಿಮ್ಮ ಮನೆಯ ಹಬ್ಬ ನಿಮ್ಮ ಕೊಟ್ಟಿಗೆಯ ಹಾಲಿನಿಂದಲೇ ಸಿಹಿಯಾಗಲಿ.