ಗೋದಲಿಯ ಮುಂದೆ ಕ್ರಿಸ್ತಜಯಂತಿಯ ಮುಂಜಾವು

ನಡುರಾತ್ರಿಯ ಬಲಿಪೂಜೆ ಮುಗಿಸಿ ಮನೆ ಸೇರಿದ ತಂದೆತಾಯಂದಿರಿಗೆ ಬೆಳಿಗ್ಗೆ ಕಣ್ಣು ತೆರೆಯದು. ಪುಟ್ಟ ಮಕ್ಕಳಿಗಾದರೋ ಹಾಸಿಗೆಯೇ ಬೇಡ. ಮನಸ್ಸೆಲ್ಲ ಉಡುಗೊರೆಯ ಪೊಟ್ಟಣದ ಮೇಲೆ. ಅದನ್ನು ಬಿಚ್ಚಿದೊಡನೆ ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂಬ ಜಗಳ ಆರಂಭವಾಗುವುದುಂಟು. ಹುಟ್ಟುಹಬ್ಬ ಯಾರದೆಂಬುದೇ ಮರೆತುಹೋಗುತ್ತದೆ.

ಇದಕ್ಕೆ ಮದ್ದು ಮನೆಯ ಗೋದಲಿಯಲ್ಲೇ ಇದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಏರ್ಪಡಿಸಿದ ಗೋದಲಿಯಲ್ಲಿ ಬೊಂಬೆಗಳಿರಲಿಲ್ಲ. ಹುಲ್ಲು, ಎತ್ತು, ಕತ್ತೆ ಇದ್ದವು. ಜನರು ದೀವಟಿಗೆ ಹಿಡಿದು ಬಂದು ಬಲಿಪೂಜೆಯಲ್ಲಿ ಭಾಗಿಗಳಾದರು. ವಿಶ್ವಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಊರಿನಲ್ಲಿ ಸಹಿ ಮಾಡಿದ ಪತ್ರದಲ್ಲಿ, ಮನೆಗಳಲ್ಲಿ ಗೋದಲಿ ಕಟ್ಟುವ ಪದ್ಧತಿಯನ್ನು ಉಳಿಸಿಕೊಳ್ಳುವಂತೆ ಕುಟುಂಬಗಳನ್ನು ಪ್ರೋತ್ಸಾಹಿಸಿದರು.

ಗೋದಲಿಯ ಹುಲ್ಲಿನ ಹಾಸಿಗೆ ಬೆಳಗಿನವರೆಗೆ ಬರಿದಾಗಿರಲಿ. ಮನೆಯ ಕಿರಿಯ ಮಗು ಬಾಲಯೇಸುವನ್ನು ಅಲ್ಲಿ ಮಲಗಿಸಲಿ. ಓದಬಲ್ಲ ಮಗು ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಿಂದ ಕುರುಬರ ವೃತ್ತಾಂತವನ್ನು ಓದಲಿ. ಐದೇ ನಿಮಿಷ ಸಾಕು. ಪುಟಾಣಿಗಳ ತಾಳ್ಮೆಯನ್ನು ಪರೀಕ್ಷಿಸುವುದು ಬೇಡ. ಉಡುಗೊರೆಗಳ ಸರದಿ ಅನಂತರ.

ಆ ಬಳಿಕ ಕುಸ್ವಾರಿನ ತಟ್ಟೆಯನ್ನು ಮಕ್ಕಳ ಕೈಗೇ ಕೊಟ್ಟು ನೆರೆಮನೆಗಳಿಗೆ ಕಳುಹಿಸೋಣ. ವರ್ಷದೊಳಗೆ ಸಾವು ಸಂಭವಿಸಿದ ಮನೆಯಲ್ಲಿ ತಿಂಡಿ ಕರಿಯುವ ಉತ್ಸಾಹವಿರದು. ಮೊದಲ ತಟ್ಟೆ ಅಲ್ಲಿಗೇ ಹೋಗಲಿ. ಕುರುಬರು ಕಂಡದ್ದನ್ನು ಇತರರಿಗೆ ತಿಳಿಸಿದರೆಂದು ಲೂಕನು ಬರೆದಿದ್ದಾನೆ. ಮಕ್ಕಳು ಒಯ್ಯುವ ಆ ತಟ್ಟೆಯೂ ಅದೇ ಶುಭವಾರ್ತೆ.