ರಕ್ತದಲ್ಲಿ ಸಕ್ಕರೆ ಕುಗ್ಗಿದಾಗ

ಮಧುಮೇಹವೆಂದೊಡನೆ ನಮಗೆ ನೆನಪಾಗುವುದು ರಕ್ತದಲ್ಲಿ ಸಕ್ಕರೆ ಮಿತಿಮೀರುವ ಸಂಗತಿ. ಅದನ್ನು ತಗ್ಗಿಸಲೆಂದೇ ರೋಗಿಯು ಪಥ್ಯ ಮಾಡುತ್ತಾನೆ, ಔಷಧ ಸೇವಿಸುತ್ತಾನೆ. ಆದರೆ ಅದೇ ರೋಗಿಯು ಒಮ್ಮೊಮ್ಮೆ ಸಕ್ಕರೆ ಸಾಲದೆ ಮೂರ್ಛೆ ಹೋಗುವುದುಂಟು. ಆಗ ಅವನಿಗೆ ಬೇಕಾದುದು ಸಕ್ಕರೆಯೇ! ಇದು ಹೇಗೆಂಬುದನ್ನು ವಿಚಾರಿಸೋಣ.

ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟವು ಜೀರ್ಣಗೊಂಡು ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಆರೋಗ್ಯವಂತನು ಬರಿಹೊಟ್ಟೆಯಲ್ಲಿರುವಾಗ ಅವನ ರಕ್ತದ ಪ್ರತಿ 100 ಮಿಲಿಲೀಟರಿನಲ್ಲಿ ಸುಮಾರು 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ದೇಹದ ರಕ್ತ ಸುಮಾರು 5 ಲೀಟರ್ ಎಂದು ಹಿಡಿದರೆ, ಅದರಲ್ಲಿ ಹರಿಯುವ ಒಟ್ಟು ಸಕ್ಕರೆ ಐದು ಗ್ರಾಮನ್ನು ಮೀರದು. ಎಂದರೆ ಒಂದು ಟೀ ಚಮಚದಷ್ಟು. ಇಷ್ಟು ಅಲ್ಪವಾದ ಈ ಸಕ್ಕರೆಯೇ ಮಿದುಳಿನ ಮುಖ್ಯ ಇಂಧನ. ದೇಹದ ತೂಕದಲ್ಲಿ ಐವತ್ತನೆಯ ಒಂದು ಪಾಲಿರುವ ಮಿದುಳು, ವಿಶ್ರಾಂತಿಯಲ್ಲಿರುವ ದೇಹ ವ್ಯಯಿಸುವ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಬಳಸಿಕೊಳ್ಳುತ್ತದೆ. ಆದರೂ ಸಕ್ಕರೆಯನ್ನು ಕೂಡಿಡಲು ಅದಕ್ಕೆ ತಕ್ಕ ಉಗ್ರಾಣವಿಲ್ಲ. ಆದುದರಿಂದ ರಕ್ತದ ಪೂರೈಕೆಯು ಎಡೆಬಿಡದೆ ಸಾಗಬೇಕು.

ಆರೋಗ್ಯವಂತನ ದೇಹದಲ್ಲಿ ಈ ವ್ಯವಸ್ಥೆ ತಾನಾಗಿಯೇ ನಡೆಯುತ್ತದೆ. ಸಕ್ಕರೆ ಹೆಚ್ಚಿದಾಗ ಮೇದೋಜೀರಕಾಂಗವು ಇನ್ಸುಲಿನನ್ನು ಸುರಿಸಿ ಅದನ್ನು ತಗ್ಗಿಸುತ್ತದೆ. ಸಕ್ಕರೆ ಇಳಿಯುತ್ತಲೇ ಇನ್ಸುಲಿನ್ ನಿಲ್ಲುತ್ತದೆ; ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನು ಯಕೃತ್ತಿನ ದಾಸ್ತಾನನ್ನು ಹೊರಗೆ ತೆಗೆಯಿಸುತ್ತದೆ. ಆದರೆ ಚುಚ್ಚುಮದ್ದಿನ ಮೂಲಕ ಒಳಹೊಕ್ಕ ಇನ್ಸುಲಿನ್ನಿಗೆ ಹೀಗೆ ನಿಲ್ಲುವುದು ತಿಳಿಯದು. ರೋಗಿಯು ಉಂಡಿರಲಿ, ಉಣ್ಣದಿರಲಿ, ಅದು ತನ್ನ ಕೆಲಸವನ್ನು ಮುಂದುವರಿಸುತ್ತದೆ.

ಇನ್ಸುಲಿನ್ ದೊರೆತ ಕಾಲದಲ್ಲೇ ಈ ಅಪಾಯವೂ ಗೋಚರವಾಯಿತು. 1921ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಪ್ರಾಣಿಗಳ ಮೇದೋಜೀರಕಾಂಗದಿಂದ ತೆಗೆದ ಸಾರವನ್ನು ಶುದ್ಧಗೊಳಿಸುವ ಹೊಣೆಯನ್ನು ಕಾಲಿಪ್ ವಹಿಸಿಕೊಂಡರು. ಅವರು ಅದರ ಬಲವನ್ನು ಮೊಲಗಳ ಮೇಲೆ ಪರೀಕ್ಷಿಸುತ್ತಿದ್ದಾಗ, ಕೆಲವು ಮೊಲಗಳು ಸೆಳವು ಬಂದು ಉರುಳಿದವು. ಗ್ಲೂಕೋಸ್ ಕೊಟ್ಟಾಗ ಚೇತರಿಸಿಕೊಂಡವು. ಇನ್ಸುಲಿನ್ನಿನ ಮೊದಲ ಅಳತೆಗೂ ಇದೇ ಆಧಾರವಾಯಿತು. 24 ಗಂಟೆ ಉಪವಾಸವಿರಿಸಿದ 2 ಕಿಲೋಗ್ರಾಂ ತೂಕದ ಮೊಲದ ರಕ್ತದ ಸಕ್ಕರೆಯನ್ನು, ಸೆಳವು ಬರುವ 45 ಮಿಲಿಗ್ರಾಂ ಮಟ್ಟಕ್ಕೆ ಇಳಿಸಬಲ್ಲ ಪ್ರಮಾಣವನ್ನು ಒಂದು ಯೂನಿಟ್ ಎಂದು ಕರೆದರು.

ಇನ್ಸುಲಿನ್ ಮಾತ್ರವಲ್ಲದೆ, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮುಂತಾದ ಮಾತ್ರೆಗಳಿಂದಲೂ ಸಕ್ಕರೆ ಅತಿಯಾಗಿ ಕುಗ್ಗಬಹುದು. ಔಷಧ ತೆಗೆದುಕೊಂಡು ಊಟ ತಪ್ಪಿಸುವುದು, ಏಕಾದಶಿಯೆಂದು ಉಪವಾಸ ಮಾಡುವುದು, ವಾಡಿಕೆಗಿಂತ ಹೆಚ್ಚು ಆಡುವುದು ಅಥವಾ ದುಡಿಯುವುದು, ಮದ್ಯಪಾನ ಮಾಡುವುದು: ಇವೇ ಸಾಮಾನ್ಯ ಕಾರಣಗಳು.

ಮಧುಮೇಹಿಯ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಎಚ್ಚರಗೊಳ್ಳಬೇಕು. 54ಕ್ಕಿಂತ ಕೆಳಗಿಳಿದರೆ ಸ್ಥಿತಿ ಗಂಭೀರ. ಮೊದಲು ಅಡ್ರಿನಲಿನ್ ಎಂಬ ಹಾರ್ಮೋನು ಎಚ್ಚರಿಕೆ ಕೊಡುತ್ತದೆ: ಕೈ ನಡುಗುತ್ತದೆ, ತಣ್ಣನೆಯ ಬೆವರು ಸುರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹಸಿವು ಕಾಡುತ್ತದೆ. ಅನಂತರ ಮಿದುಳಿನ ಕೊರತೆ ಹೊರಗಾಣುತ್ತದೆ: ಕಣ್ಣು ಮಂಜಾಗುತ್ತದೆ, ಮಾತು ತೊದಲುತ್ತದೆ, ಸ್ವಭಾವಕ್ಕೊಪ್ಪದ ಸಿಡುಕು ಬರುತ್ತದೆ, ಹೆಜ್ಜೆ ತಪ್ಪುತ್ತದೆ. ನೋಡಿದವರು ಕುಡಿದಿರುವನೆಂದು ಭಾವಿಸಿ ದೂರ ಸರಿಯುವುದೂ ಉಂಟು. ಆಗಲೂ ನೆರವು ಸಿಗದಿದ್ದರೆ ಸೆಳವು, ಮೂರ್ಛೆಗಳು ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಪದೇ ಪದೇ ಸಕ್ಕರೆ ಕುಸಿಯುವವರಲ್ಲಿ ಆ ಮೊದಲಿನ ಎಚ್ಚರಿಕೆಯೇ ಮಂಕಾಗುವುದರಿಂದ, ಅವರ ಒಡನಾಡಿಗಳು ಹೆಚ್ಚು ಜಾಗರೂಕರಾಗಿರಬೇಕು.

ಪರಿಹಾರವು ಸರಳವಾದುದು. ಎಚ್ಚರವಿದ್ದು ನುಂಗಬಲ್ಲವನಿಗೆ 15 ಗ್ರಾಂ ಸಕ್ಕರೆಯನ್ನು, ಎಂದರೆ ಮೂರು ನಾಲ್ಕು ಟೀ ಚಮಚದಷ್ಟನ್ನು, ನೀರಿನಲ್ಲಿ ಕದಡಿ ಕುಡಿಸಬೇಕು. ಗ್ಲೂಕೋಸ್ ಪುಡಿಯಾದರೆ ಇನ್ನೂ ಲೇಸು; ಅಕಾರ್ಬೋಸ್ ಮಾತ್ರೆ ಸೇವಿಸುವವರಿಗಂತೂ ಅದೇ ಬೇಕು, ಏಕೆಂದರೆ ಆ ಮಾತ್ರೆಯು ಸಾಮಾನ್ಯ ಸಕ್ಕರೆಯ ಜೀರ್ಣವನ್ನು ತಡೆಯುತ್ತದೆ. ಮೈಸೂರುಪಾಕು, ಚಾಕೊಲೇಟುಗಳು ಸಿಹಿಯಾದರೂ ಅವುಗಳ ಜಿಡ್ಡಿನಿಂದಾಗಿ ಸಕ್ಕರೆ ತಡವಾಗಿ ರಕ್ತಕ್ಕೆ ಸೇರುತ್ತದೆ. 15 ನಿಮಿಷಗಳ ಬಳಿಕ ಗ್ಲೂಕೋಮೀಟರಿನಲ್ಲಿ ಪರೀಕ್ಷಿಸಿ, ಇನ್ನೂ 70 ಮುಟ್ಟದಿದ್ದರೆ ಮತ್ತೆ ಅಷ್ಟೇ ಕೊಡಬೇಕು. ಚೇತರಿಸಿದ ಮೇಲೆ ಇಡ್ಲಿಯನ್ನೋ ಬಾಳೆಹಣ್ಣನ್ನೋ ತಿನ್ನಿಸಬೇಕು. ಯಂತ್ರವಿಲ್ಲದಿದ್ದರೆ ಅದಕ್ಕಾಗಿ ಕಾಯದೆ ಸಕ್ಕರೆ ಕೊಡುವುದೇ ಸರಿ. ಅಷ್ಟು ಸಕ್ಕರೆಯಿಂದಾಗುವ ಕೇಡು ಅಲ್ಪ.

ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು. ಅದು ಶ್ವಾಸನಾಳವನ್ನು ಸೇರಿ ಉಸಿರು ಕಟ್ಟಬಹುದು. ಅವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗ್ಲುಕಗಾನ್ ಮದ್ದು ಹತ್ತಿರದಲ್ಲಿದ್ದು ಬಲ್ಲವರಿದ್ದರೆ ಅದನ್ನು ಕೊಟ್ಟು, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೆ ಕೊಡುತ್ತಾರೆ.

ಇನ್ಸುಲಿನ್ ತೆಗೆದುಕೊಳ್ಳುವ ವಿದ್ಯಾರ್ಥಿಗಳು ನಮ್ಮ ಶಾಲಾ ಕಾಲೇಜುಗಳಲ್ಲಿಯೂ ಇದ್ದಾರೆ. ಅವರಲ್ಲೊಬ್ಬರು ಪಾಠದ ನಡುವೆ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಬಾಯಿಚಪಲವೆಂದು ಹಾಸ್ಯ ಮಾಡುವುದು ತರವಲ್ಲ. ಆ ಹಾಸ್ಯಕ್ಕೆ ಅಂಜಿ ಅವರು ತಡಮಾಡಿದರೆ ಅಪಾಯ ಸಮೀಪಿಸುತ್ತದೆ. ಸಹಪಾಠಿಯ ಚೀಲದಲ್ಲಿ ಗ್ಲೂಕೋಸ್ ಪೊಟ್ಟಣ ಎಲ್ಲಿದೆಯೆಂಬುದನ್ನು ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬಿಬ್ಬರಾದರೂ ತಿಳಿದಿರುವುದು ಒಳ್ಳೆಯದು.